ಟ್ರಯಲ್‌ನಲ್ಲಿ ಸತ್ತ ದೊಡ್ಡಪ್ಪ

'ಏನೂ ಬದಲಾಗುವುದಿಲ್ಲ' ಎಂದು ಬರೆದುಬಿಡಬಹುದೇ? ಖಾಲಿ ಕುರ್ಚಿಯಲ್ಲಿ ಕೂತು ಎದ್ದರೂ ಅದು ಬೆಚ್ಚಗಾಗಿರುತ್ತದೆ. ಹಾಗಿರುವಾಗ ದೂರದ ಪಿಂಚಣಿ ಕಚೇರಿಯ ಡೇಟಾಬೇಸಿಗೆ ಇಲ್ಲಿಂದಲೇ ಕೈ ಹಾಕಿ, ಏನೂ ಆಗಲಿಲ್ಲವೆಂದರೆ ನಂಬುವುದು ಹೇಗೆ?

ಪಿಂಚಣಿ ಕಚೇರಿಗೆ ಕಳಿಸುವ ಆದೇಶಗಳನ್ನು ಮೊದಲು 'ಟ್ರಯಲ್' ಆಗಿ ಓಡಿಸಿ ನೋಡುವ ಹೊಸ ಟೂಲ್‌ಗೆ ಕೈಪಿಡಿ ಬರೆಯುವುದು ಅವನ ಕೆಲಸ. ಟೂಲ್ ಮಾಡಿದವನು ಪಕ್ಕದ ಮೇಜಿನವನು. ಎಲ್ಲ ಬಲ್ಲವನಂತೆ ಮಾತಾಡುವುದರಿಂದ ಆಫೀಸಿನಲ್ಲಿ ಅವನಿಗೆ ಬೃಹಸ್ಪತಿ ಎಂದೇ ಹೆಸರು.

"ಅಲ್ಲಯ್ಯಾ, ಎಷ್ಟು ಸಲ ಹೇಳ್ಲಿ? ಆದೇಶ ಅಲ್ಲಿಗೆ ಹೋಗುತ್ತೆ, ನಿಜವಾಗ್ಲೂ ನಡೆಯುತ್ತೆ, ಏನಾಗುತ್ತೆ ಅಂತ ತೋರಿಸುತ್ತೆ, ಆಮೇಲೆ ಎಲ್ಲಾ ಹಿಂದಕ್ಕೆ. ಸ್ಲೇಟಿನ ಮೇಲೆ ಬರೆದು ಅಳಿಸಿದ ಹಾಗೆ."

"ಒಂದ್ಸಲ ನಾನೇ ಓಡಿಸಿ ನೋಡ್ಲಾ?"

"ನೋಡು. ಅನುಮಾನದ ಪಿಶಾಚಿ!"

ಕೈಪಿಡಿಯ ಉದಾಹರಣೆಗೆಂದು ಅವನು ಎಲ್ಲಕ್ಕಿಂತ ಭಯಂಕರವಾದ ಆದೇಶ ಆರಿಸಿಕೊಂಡ: 'ಪಿಂಚಣಿದಾರ ಮೃತ' ಎಂದು ಗುರುತು ಹಾಕುವುದು. ಸುಳ್ಳು ಪಿಂಚಣಿ ಸಂಖ್ಯೆ ಕೊಟ್ಟರೆ ಟೂಲ್ ಮುಂದಕ್ಕೇ ಹೋಗಲಿಲ್ಲ. ಅವನಿಗೆ ಬಾಯಿಪಾಠವಿದ್ದ ನಿಜವಾದ ಸಂಖ್ಯೆ ದೊಡ್ಡಪ್ಪನದೊಂದೇ. ದೊಡ್ಡಪ್ಪ ಇನ್ನೂ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಕಚೇರಿಗೆ ತಿಳಿಸುತ್ತಿದ್ದವನು ಅವನೇ. ಅದೂ ಅಪ್ಪನಿಗೆ ಗೊತ್ತಾಗದ ಹಾಗೆ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಒಂದು ಏಣಿ. ವಾಪಸು ಕೊಟ್ಟೆ ಎಂದು ಅಪ್ಪ, ಬಂದೇ ಇಲ್ಲ ಎಂದು ದೊಡ್ಡಪ್ಪ. ಎರಡು ಬೀದಿಗಳ ಅಂತರದಲ್ಲಿ ಇಬ್ಬರೂ ತುಟಿ ಹೊಲಿದುಕೊಂಡು ಮುದುಕರಾಗುತ್ತಿದ್ದರು.

ಗುಂಡಿ ಒತ್ತಿದ. ದೊಡ್ಡಪ್ಪ ಸತ್ತ, ಪಿಂಚಣಿ ನಿಂತಿತು. ಮರುಕ್ಷಣವೇ ಎಲ್ಲ ಹಿಂದಕ್ಕೆ ಬಂದು ದೊಡ್ಡಪ್ಪ ಗುಂಡುಕಲ್ಲಿನ ಹಾಗೆ ಎದ್ದು ಕೂತ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಬದಲಾವಣೆ: ಸೊನ್ನೆ' ಎಂದಿತ್ತು.

"ಈಗ್ಲಾದ್ರೂ ಬರೀತೀಯಾ?" ಎಂದ ಬೃಹಸ್ಪತಿ. ಅವನು ಬರೆದ.

ಸಂಜೆ ಮನೆಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. "ದೊಡ್ಡಪ್ಪ ಹೋಗ್ಬಿಟ್ರಂತೆ ಕಣೋ," ಎಂದಳು ಅಮ್ಮ. "ಪಿಂಚಣಿ ಆಫೀಸಿಂದ ನಿಮ್ಮಪ್ಪನ ಫೋನಿಗೆ ಮೆಸೇಜು. ಈಗ ತಾನೇ ನೋಡಿ, ಚಪ್ಪಲಿ ಕೂಡ ಮೆಟ್ಕೊಳ್ದೆ ಓಡಿದ್ರು."

ಅವನು ಬಂದ ಕಾಲಲ್ಲೇ ತಿರುಗಿ ಓಡಿದ. ಡೇಟಾಬೇಸ್ ತನ್ನೊಳಗಿನದನ್ನೆಲ್ಲ ಹಿಂದಕ್ಕೆಳೆದುಕೊಂಡಿತ್ತು, ಸರಿ. ಆದರೆ ನಡುವೆ ಹೊರಗೆ ಕಳಿಸಿದ ಸಂತಾಪದ ಮೆಸೇಜು ಅದರ ಕೈಗೆ ಎಲ್ಲಿ ಎಟುಕಬೇಕು?

ಅವನು ಏದುಸಿರು ಬಿಡುತ್ತ ಹೋಗಿ ದೊಡ್ಡಪ್ಪನ ಮನೆಯ ಬಾಗಿಲಲ್ಲೇ ನಿಂತ. ಒಳಗೆ ದೊಡ್ಡಪ್ಪ ಕಾಲಿನ ಉಗುರು ಕತ್ತರಿಸುತ್ತ ಕೂತಿದ್ದ. ಎದುರಿಗೆ ಅಪ್ಪ ಮೂಗು ಒರೆಸಿಕೊಳ್ಳುತ್ತಿದ್ದ.

"ನೀನು ಸತ್ತಿಲ್ವಾ ಅಣ್ಣ?"

"ಏಣಿ ವಾಪಸ್ ಬರದೆ ಹೇಗೋ ಸಾಯ್ಲಿ?"

"ಮತ್ತೆ ನನ್ನ ನಂಬರಿಗೆ ಯಾಕೆ ಬಂತು?"

"ರಿಟೈರ್ ಆದಾಗ ನಿಂದೇ ಕೊಟ್ಟಿದ್ದೆ. ಬದಲಾಯಿಸೋಕೆ ಆ ಕ್ಯೂನಲ್ಲಿ ಯಾವನು ನಿಲ್ತಾನೆ?"

ದೊಡ್ಡಪ್ಪ ಉಗುರು ಕತ್ತರಿ ಕೆಳಗಿಟ್ಟ. ತಮ್ಮನ ಧೂಳು ಹತ್ತಿದ ಬರಿಗಾಲನ್ನು ನೋಡಿದ.

"ಅಳ್ತಿದ್ಯಾ?"

"ನಿನಗ್ಯಾರು ಅಳ್ತಾರೆ? ನೆಗಡಿ."

"ಹೂಂ. ಕೂತ್ಕೋ."

ಅಪ್ಪ ಕೂತ. ಕೂತವನೇ ಪಿಂಚಣಿ ಕಚೇರಿಗೆ ಸಹಸ್ರನಾಮ ಶುರು ಮಾಡಿದ. "ಯಾವನೋ ತಲೆಕೆಟ್ಟವನು ಗುಂಡಿ ಒತ್ತಿದಾನೆ. ಕೈಗೆ ಸಿಗ್ಲಿ, ಏಣಿಗೆ ಕಟ್ಟಿ ಬಾರಿಸ್ತೀನಿ!"

"ಯಾವ ಏಣಿಗೆ?" ಎಂದ ದೊಡ್ಡಪ್ಪ.

ಮೊದಲು ಕಿಸಕ್ಕೆಂದವನು ದೊಡ್ಡಪ್ಪ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಳುವುದಿದ್ದರೆ ಈಗಲೇ ಹೇಳಬೇಕೆಂದು ಅವನು ಒಂದು ಹೆಜ್ಜೆ ಒಳಗಿಟ್ಟ. ಇಬ್ಬರಿಗೂ ಸೇರಿ ಬೈಯಲು ಯಾವನೋ ಒಬ್ಬ ಸಿಕ್ಕಿದ್ದ. ಆ 'ಯಾವನೋ' ತಾನೇ ಎಂದು ತಿಳಿದರೆ ನಗು ನಿಂತೀತೆಂದು ಅವನಿಗೆ ಭಯವಾಯಿತು.

"ಬಾಗಿಲಲ್ಲಿ ಯಾಕೋ ಕಂಬದ ಹಾಗೆ ನಿಂತಿದೀಯ?" ಎಂದ ಅಪ್ಪ. "ನನ್ನ ಚಪ್ಪಲಿ ತಗೊಂಡು ಬಾ, ಹೋಗು."

ಮರುದಿನ ಆಫೀಸಿನಲ್ಲಿ 'ಏನೂ ಬದಲಾಗುವುದಿಲ್ಲ' ಎಂಬ ಸಾಲು ಹೊಡೆದುಹಾಕಿ ಹೊಸದು ಬರೆದ: 'ಡೇಟಾ ಹಿಂದಕ್ಕೆ ಬರುತ್ತದೆ. ಹೊರಗೆ ಹೋದ ಮೆಸೇಜು ಬರುವುದಿಲ್ಲ. ಟ್ರಯಲ್‌ಗೆ ಬದುಕಿರುವವರ ಸಂಖ್ಯೆ ಕೊಡಬೇಡಿ.' ಬೃಹಸ್ಪತಿ ಓದಿ ಸಿಡುಕಿದ, ಹೋಗಿ ಪರೀಕ್ಷಿಸಿದ, ಮುಖ ಹುಳ್ಳಗೆ ಮಾಡಿಕೊಂಡು ಬಂದು ಕೂತ.

"ನಿನಗೆ ಹೇಗೆ ಗೊತ್ತಾಯ್ತು?"

"ಮನೇಲಿ ಹೇಳಿದ್ರು," ಎಂದ.

ಆ ತಲೆಕೆಟ್ಟವನು ತಾನೇ ಎಂದು ಅಪ್ಪನಿಗಾಗಲಿ ದೊಡ್ಡಪ್ಪನಿಗಾಗಲಿ ಅವನು ಎಂದೂ ಹೇಳಲಿಲ್ಲ.