ಮೊಡವೆ ಮುಖ, ಮುಂದಿನ ಕುರ್ಚಿ

ಕೂದಲು ಕತ್ತರಿಸುವವಳಿಗೆ ತನ್ನ ಮುಖದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎದುರಿಗೆ ಗೋಡೆಯಗಲ ಕನ್ನಡಿ. ಗಿರಾಕಿಯ ತಲೆಯ ಮೇಲೆ ದಿನವಿಡೀ ತನ್ನದೇ ಮುಖ. ಆ ಮುಖದ ತುಂಬ, ಹದಿಹರೆಯ ಕಳೆದು ಎಷ್ಟೋ ವರ್ಷಗಳಾದ ಮೇಲೆ, ಕೆಂಪು ಮೊಡವೆಗಳೆದ್ದಿದ್ದವು.

ಮನೆಯಲ್ಲಿ ಔಷಧಿಗೇನೂ ಬರವಿರಲಿಲ್ಲ. ಚಿಕ್ಕಮ್ಮ ನಿಂಬೆರಸ ಬಳಿದರು. ಅಣ್ಣ ಹಲ್ಲುಜ್ಜುವ ಪೇಸ್ಟ್ ಹಚ್ಚು ಎಂದ. ಅವಳೇ ಕೊಂಡ ಕ್ರೀಮುಗಳು ಕಿಟಕಿಕಟ್ಟೆಯ ಮೇಲೆ ಸಾಲುಗಟ್ಟಿದವು. ಒಂದೂ ನಾಟಲಿಲ್ಲ, ಮುಖ ಉರಿದದ್ದೇ ಲಾಭ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಳು. ಆಕೆ ಎಲ್ಲ ಕೇಳಿಸಿಕೊಂಡು ನಕ್ಕುಬಿಟ್ಟರು.

"ಪಾಪ, ಆ ಮುಖಕ್ಕೆ ಒಂದು ದಿನನಾದ್ರೂ ರಜಾ ಕೊಟ್ಟಿದ್ದೀರಾ? ಎಲ್ಲ ಬಿಡಿ. ಬೆಳಿಗ್ಗೆ, ರಾತ್ರಿ ಮೆದು ಫೇಸ್‌ವಾಶ್‌ನಲ್ಲಿ ತೊಳೀರಿ, ತಿಕ್ಕಬೇಡಿ. ಆಮೇಲೆ ಮಾಯಿಶ್ಚರೈಸರ್. ಹಗಲು ಸನ್‌ಸ್ಕ್ರೀನ್. ರಾತ್ರಿ ಈ ಮುಲಾಮು, ಬಟಾಣಿ ಕಾಳಿನಷ್ಟು ಸಾಕು. ಚಿವುಟೋಕೆ ಹೋಗಬೇಡಿ. ಮೊದಮೊದಲು ಸಿಪ್ಪೆ ಏಳಬಹುದು, ಹೆದರಬೇಡಿ. ಗುಣ ಕಾಣೋಕೆ ಎರಡು ಮೂರು ತಿಂಗಳಾದ್ರೂ ಬೇಕು."

ಅವಳು ಕಿಟಕಿಕಟ್ಟೆ ಖಾಲಿ ಮಾಡಿದಳು. ಡಾಕ್ಟರು ಹೇಳಿದಂತೆಯೇ ಮೂಗಿನ ಅಂಚು, ಗಲ್ಲ ಎಲ್ಲ ಸಿಪ್ಪೆಯೆದ್ದವು.

"ಅಯ್ಯೋ, ಇದ್ದಿದ್ದನ್ನೂ ಕೆಡಿಸ್ಕೊಂಡ್ಯಲ್ಲೇ!" ಎಂದರು ಚಿಕ್ಕಮ್ಮ.

"ತಾಳಿ ಚಿಕ್ಕಮ್ಮ. ಹಳೇ ಬಣ್ಣ ಕೆರೆಯದೆ ಹೊಸ ಬಣ್ಣ ಹೊಡೀತಾರಾ?"

ಮಾತು ಜೋರಾಗಿತ್ತು. ಆದರೂ ಡಾಕ್ಟರಿಗೆ ಫೋನು ಮಾಡಿ ಕೇಳಿ, ಮುಲಾಮನ್ನು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚತೊಡಗಿದಳು.

ಅದೇ ವಾರ, ಅವಳು ವಕೀಲೆಯೊಬ್ಬರ ಕೂದಲು ಕತ್ತರಿಸುತ್ತಿದ್ದಾಗ ಅಂಗಡಿಯ ಒಡತಿ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಸ್ವಲ್ಪ ದಿನ ಹಿಂದಿನ ಕೋಣೇಲಿ ತಲೆ ತೊಳೆಯೋ ಕೆಲಸ ನೋಡ್ಕೋಮ್ಮ. ಬಂದೋರು ಏನಂದ್ಕೋತಾರೋ..."

ಅವಳು ಕತ್ತರಿ ಆಡಿಸುತ್ತಲೇ ಹೇಳಿದಳು.

"ಅಕ್ಕ, ಇದೇನೂ ಅಂಟುರೋಗ ಅಲ್ಲ. ನಾನು ಕತ್ತರಿಸೋದು ಕೈಯಿಂದ, ಕೆನ್ನೆಯಿಂದಲ್ಲ. ಕೆಲಸದಲ್ಲಿ ತಪ್ಪಿದ್ರೆ ಹೇಳಿ, ಈಗಲೇ ಹಿಂದೆ ಹೋಗ್ತೀನಿ. ಮುಖ ನೋಡಿ ಹೋಗು ಅಂದ್ರೆ ಹೋಗಲ್ಲ."

ಒಡತಿ ಬಾಯಿ ತೆರೆಯುವ ಮೊದಲೇ ವಕೀಲೆ ಕನ್ನಡಿಯೊಳಗಿಂದ ದಿಟ್ಟಿಸಿದರು. "ಪಂಚಾಯ್ತಿ ಆಮೇಲೆ ಇಟ್ಕೊಳ್ರಮ್ಮ, ನನ್ನ ಅರ್ಧ ತಲೆ ಬಾಕಿ ಇದೆ. ನಾನು ಇಲ್ಲಿಗೆ ಬರೋದೇ ಇವಳ ಕೈಗೆ."

"ಸರಿ, ಮುಗಿಸು," ಎಂದು ಒಡತಿ ಜಾಗ ಖಾಲಿ ಮಾಡಿದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ತಿಂಗಳುಗಳು ಉರುಳಿದವು. ಸಿಪ್ಪೆ ನಿಂತಿತು, ಹೊಸ ಮೊಡವೆಗಳು ಅಪರೂಪವಾದವು. ಮುಟ್ಟಿನ ದಿನಗಳಲ್ಲಿ ಗಲ್ಲದ ಮೇಲೆ ಒಂದೋ ಎರಡೋ ಇಣುಕುತ್ತಿದ್ದವು. ಅವಳು ಮುಖ ತೊಳೆದು ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಕಂದು ಕಲೆಗಳು ಉಳಿದಿದ್ದವು. ಮಾಸಲು ಅವಕ್ಕೂ ಸಮಯ ಬೇಕಲ್ಲ!

ಅಂಗಡಿಗೆ ಹೊಸ ಬೋರ್ಡು ಬರೆಸುವಾಗ ಅದರಲ್ಲಿ ಹಾಕಲು ಒಡತಿ ಅವಳ ಫೋಟೋ ತೆಗೆಸಿದರು. ಕಲೆಗಳನ್ನು ಅಳಿಸಿಬಿಡಲೇ ಎಂದು ಫೋಟೋದವನು ಕೇಳಿದ.

"ಬೇಡಪ್ಪ, ಹೇಗಿದಾಳೋ ಹಾಗೇ ಇರ್ಲಿ," ಎಂದರು ಒಡತಿ.

ಅವಳಾಗಲೇ ಕುರ್ಚಿ ಒರೆಸಿ, ಮುಂದಿನವರನ್ನು ಕರೆಯುತ್ತಿದ್ದಳು.