ಬೇವಿನ ಗಿಡದಿಂದ ಬಸ್ಸಿನವರೆಗೆ

ಕಂಡಕ್ಟರ್ ಗಡಿಗೆಪ್ಪನಿಗೆ ಶ್ರಾವಣದಲ್ಲಿ ಒಂದು ಮೆಮೋ ಬಂದಿತ್ತು. ಹೆಂಗಸರಿಗೆ ಬಸ್ಸು ಉಚಿತವಾದರೂ ಶೂನ್ಯ ಟಿಕೆಟ್ ಕೊಡುವ ಮುನ್ನ ಆಧಾರ್ ಕಾರ್ಡು ನೋಡಬೇಕು. ಅವನು ನೋಡದೆ ಕೊಟ್ಟದ್ದನ್ನು ತಪಾಸಣೆಯವರು ಹಿಡಿದಿದ್ದರು. ಇನ್ನೊಮ್ಮೆ ಹೀಗಾದರೆ ಅಮಾನತು ಎಂದು ಡಿಪೋದಲ್ಲಿ ಹೇಳಿದ್ದರು. ಅಂದಿನಿಂದ ಗಡಿಗೆಪ್ಪ ಬಿಗಿಯಾದ. ಈ ಸೋಮವಾರ ಜಾಲಹಳ್ಳಿ ರಸ್ತೆಯಲ್ಲಿ, ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಹೆಂಗಸರ ಗುಂಪೊಂದನ್ನು ಕಾರ್ಡಿಲ್ಲವೆಂದು ಹತ್ತಿದ ಬಸ್ಸಿನಿಂದ ಇಳಿಸಿದ್ದ.

ಶುಕ್ರವಾರ ಮಧ್ಯಾಹ್ನ ಅದೇ ರಸ್ತೆಯಲ್ಲಿ ಬಸ್ಸು ದೇವದುರ್ಗದಿಂದ ಜಾಲಹಳ್ಳಿಗೆ ಹೊರಟಿತ್ತು. ಒಳಗೆ ಏಳೆಂಟು ಮಂದಿ. ಪಶ್ಚಿಮದಲ್ಲಿ ಮೋಡ ದಟ್ಟವಾಗಿತ್ತು, ಗುಡುಗು ಹತ್ತಿರವಾಗುತ್ತಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಮಳೆ ಬರುವ ಮೊದಲೂ ಸಿಡಿಲು ಬೀಳುತ್ತದೆ. ಆದರೆ ಹೊಲದಲ್ಲಿ ದುಡಿಯುವವರು ಕೆಲಸ ಬಿಡಲು ಕಾಯುವುದು ಮೊದಲ ಹನಿಗೆ.

ಡ್ರೈವರ್ ವಲಿ ಪಾಷಾ ಬಸ್ಸನ್ನು ಬದಿಗೆ ಎಳೆದು ನಿಲ್ಲಿಸಿದ.

“ಇಲ್ಲಿ ಸ್ಟಾಪ್ ಇಲ್ಲಲ್ರೀ ಪಾಷಾ ಭಾಯ್,” ಎಂದ ಗಡಿಗೆಪ್ಪ.

“ಆ ಗಿಡದ ಬುಡಕ ನೋಡು.”

ಎರೆಹೊಲದಲ್ಲಿ ಒಂದೇ ಒಂದು ಬೇವಿನ ಮರ. ಕಣ್ಣು ಹಾಯುವಷ್ಟು ದೂರ ಅದಕ್ಕಿಂತ ಎತ್ತರದ್ದು ಬೇರೇನೂ ಇರಲಿಲ್ಲ. ಹತ್ತಿ ಬಿಡಿಸುವ ಹೆಂಗಸರು ಚೀಲಗಳನ್ನು ಬುಡಕ್ಕೆ ತಂದು ಒಟ್ಟಿ, ತಾಡಪಾಲು ಹೊದಿಸಿ, ತಾವೂ ಅಲ್ಲೇ ಒತ್ತೊತ್ತಾಗಿ ಕೂತಿದ್ದರು.

“ಹ್ವಾದ ವರ್ಷ ನಮ್ಮ ಪೈಕಿ ಒಬ್ಬರ ಕುರಿ ಹಿಂಗ ಗಿಡದ ಬುಡಕ ನಿಂತಿದ್ವು. ಸಿಡಿಲು ಬಡಿದು ಒಂದೂ ಉಳೀಲಿಲ್ಲ. ಕರಿ ಅವರನ್ನ.”

“ಅವರ ಕಡಿ ಆಧಾರ ಇಲ್ರೀ. ಚೆಕಿಂಗ್ ಜೀಪ್ ಬಂತಂದ್ರ?”

“ನಿಂತ ಬಸ್ಸಿಗೆ ಎಂಥಾ ಟಿಕೆಟ್ಟಲೇ? ಸಿಡಿಲೇನು ಆಧಾರ ಕೇಳಿ ಹೊಡಿತದೇನು?”

ಗಡಿಗೆಪ್ಪ ಮೆಟ್ಟಿಲ ಮೇಲೆ ನಿಂತು ಕೂಗಿದ. “ಯವ್ವಾ, ಬರ್ರಿ! ಬಸ್ಸಿನ್ಯಾಗ ಕೂಡ್ರಿ ಬರ್ರಿ!”

ಯಾರೂ ಏಳಲಿಲ್ಲ. ಗುಂಪಿನ ಹಿರಿಯಳಾದ ಖಾಸಿಂ ಬೀ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. “ಸೋಮವಾರ ನಮ್ಮನ್ನ ಇಳಿಸಿದಾಂವ ಇವನ ಅಲ್ಲೇನ್ರೇ?”

“ಅವನ, ಅವನ. ಕಾರ್ಡಿಲ್ಲಪಾ ನಮ್ಮ ಕಡಿ! ಹತ್ತಿಗಿಡಕ್ಕ ಆಧಾರ ತೋರಿಸಬೇಕಂತ ಗೊತ್ತಿರಲಿಲ್ಲ!” ಎಂದಳು ಪಕ್ಕದಲ್ಲಿದ್ದ ರೇಣುಕಮ್ಮ. ಎಲ್ಲರೂ ನಕ್ಕರು.

“ಕಾರ್ಡು ಬ್ಯಾಡ, ಬರ್ರಿ!”

“ಈಗ ಬ್ಯಾಡ ಅಂತಿ, ಅರ್ಧ ದಾರಿಗೆ ಹೋದಮ್ಯಾಲ ಬೇಕು ಅಂತಿ. ಹೋಗಪಾ, ಹೋಗು.”

ಮಿಂಚಿತು. ಅದರ ಬೆನ್ನಿಗೇ ಗುಡುಗಿತು. ಗಡಿಗೆಪ್ಪ ಬಾಗಿಲು ಹಾಕಿಕೊಂಡು ಹೋಗಬಹುದಿತ್ತು. ಆದರೆ ಅವರು ಏಳದಿರುವುದು ತಾನು ಸೋಮವಾರ ಆಡಿದ ಮಾತಿನಿಂದ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಇಳಿದು ಓಡಿದ.

“ಸಿಡಿಲು ಗಿಡಕ್ಕ ಬಡಿತದ ಯವ್ವಾ, ಏಳ್ರಿ!”

“ಹತ್ತಿ ತೊಯ್ದ್ರ ಸಾವ್ಕಾರ ಬಿಡ್ತಾನೇನು?” ಖಾಸಿಂ ಬೀ ತಾಡಪಾಲಿನ ಅಂಚನ್ನು ಕಾಲಡಿ ಒತ್ತಿ ಹಿಡಿದಿದ್ದಳು. “ನೀ ಬಂದು ಹೇಳ್ತಿಯೇನು ಅವಗ?”

ಗಡಿಗೆಪ್ಪ ಸುತ್ತ ಕಣ್ಣಾಡಿಸಿದ. ಆಗ ಕಂಡದ್ದು ಕೆಳಗಿನ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆ. ಅದರೊಳಗೆ ರೇಣುಕಮ್ಮನ ಕೂಸು ಮಲಗಿತ್ತು. ಗಡಿಗೆಪ್ಪ ಯೋಚಿಸಲಿಲ್ಲ. ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಬಸ್ಸಿನತ್ತ ಓಟ ಕಿತ್ತ.

“ಯವ್ವಾ, ನನ್ನ ಕೂಸು!”

“ಹಿಡೀರೇ ಅವನ್ನ! ನಿನ್ನ ಬಾಯಾಗ ಮಣ್ಣು ಹಾಕ!”

ಇಡೀ ಗುಂಪು ಎದ್ದು ಅಟ್ಟಿಸಿಕೊಂಡು ಬಂತು. ಒಂದು ಹೆಂಟೆ ಅವನ ಬೆನ್ನಿಗೆ ಬಡಿದು ಪುಡಿಯಾಯಿತು. ಅವನು ಬಸ್ಸು ಹತ್ತಿದ. ಅವರೂ ಹತ್ತಿದರು. ರೇಣುಕಮ್ಮ ಕೂಸನ್ನು ಕಸಿದುಕೊಂಡು ಅವನ ಕೆನ್ನೆಗೆ ಒಂದು ಬಾರಿಸಿದಳು. ಕೊನೆಗೆ ಬಂದ ಖಾಸಿಂ ಬೀಯನ್ನು ವಲಿ ಪಾಷಾ ಕೈ ಹಿಡಿದು ಒಳಗೆಳೆದು ಬಾಗಿಲು ಹಾಕಿದ.

“ಕಿಟಕಿ ಮುಚ್ಚರಿ. ಕಬ್ಬಿಣದ ಸರಳು ಯಾರೂ ಮುಟ್ಟಬ್ಯಾಡ್ರಿ,” ಎಂದ ಗಡಿಗೆಪ್ಪ, ಕೆನ್ನೆ ಸವರಿಕೊಳ್ಳುತ್ತ.

ಬೈಗುಳ ಇನ್ನೂ ನಡೆದಿತ್ತು. ಅಷ್ಟರಲ್ಲಿ ಬಸ್ಸಿನ ಒಳಗೆಲ್ಲ ಬಿಳಿ ಬೆಳಕು ತುಂಬಿತು. ಗಾಜುಗಳು ಅದುರಿದವು. ಕಣ್ಣು ಬಿಟ್ಟಾಗ ಬೇವಿನ ಮರದ ತೊಗಟೆ ನೆತ್ತಿಯಿಂದ ಬುಡದವರೆಗೆ ಒಂದು ಪಟ್ಟಿಯಂತೆ ಸುಲಿದು ಹೋಗಿತ್ತು. ಜೋಳಿಗೆ ಕಟ್ಟಿದ್ದ ಟೊಂಗೆ ತಾಡಪಾಲಿನ ಮೇಲೆ ಬಿದ್ದಿತ್ತು, ಸೀರೆಯಿಂದ ಹೊಗೆ ಏಳುತ್ತಿತ್ತು.

ಕೂಸು ಚೀರಿ ಅಳತೊಡಗಿತು.

“ಟೈರು ರಬ್ಬರಿನವು ಅದಾವಲ್ಲ, ಅದಕ್ಕ ಬಸ್ಸಿಗೆ ಏನೂ ಆಗಂಗಿಲ್ಲ,” ಎಂದ ಹಿಂದಿನ ಸೀಟಿನ ಪ್ರಯಾಣಿಕನೊಬ್ಬ. ಒಳಗಿದ್ದವರನ್ನು ಕಾಯುವುದು ಟೈರಲ್ಲ, ಸುತ್ತಲಿನ ಲೋಹದ ಮೈ. ಸಿಡಿಲು ಬಸ್ಸಿಗೇ ಬಡಿದರೂ ಆ ಮೈಯ ಹೊರಗಿನಿಂದಲೇ ನೆಲಕ್ಕೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಅವನನ್ನು ತಿದ್ದುವ ಉಮೇದು ಯಾರಿಗೂ ಇರಲಿಲ್ಲ.

ಮಳೆ ಸುರಿಯಿತು. ಖಾಸಿಂ ಬೀ ತಟ್ಟನೆ ಎದ್ದಳು. “ಹತ್ತಿ! ಏಳ್ರೇ, ಹತ್ತಿ ತೊಯ್ಯಾಕತ್ತದ!”

ಗಡಿಗೆಪ್ಪ ಬಾಗಿಲಿಗೆ ಅಡ್ಡ ನಿಂತ. “ಇನ್ನಾ ಗುಡಗಾಕತ್ತದ. ಗುಡುಗು ನಿಂತು ಅರ್ಧ ತಾಸು ಆಗೂತನಕ ಯಾರೂ ಇಳಿಯಂಗಿಲ್ಲ.”

“ಸೋಮವಾರ ಇಳೀರಿ ಅಂದಿ. ಇವತ್ತು ಇಳಿಯಂಗಿಲ್ಲ ಅಂತಿ. ನಿನಗೊಂದು ಮಾತು ಅದನೋ ಇಲ್ಲೋ?”

“ಸೋಮವಾರದ್ದು ತಪ್ಪಾತು ಯವ್ವಾ.”

“ಸಾವ್ಕಾರಗ ಏನು ಹೇಳಾಣು?”

“ನಾ ಬಂದು ಹೇಳ್ತೀನಿ. ಕಂಡಕ್ಟರ್ ಬಿಡಲಿಲ್ಲ ಅಂತ.”

“ಚೆಕಿಂಗ್ ಜೀಪಿನವರಿಗೆ?” ಎಂದು ವಲಿ ಪಾಷಾ ಮುಂದಿನಿಂದ ಕೇಳಿದ.

“ಅವರಿಗೂ ಅದನ್ನ.”

ಖಾಸಿಂ ಬೀ ಅವನ ಮುಖವನ್ನೇ ನೋಡಿದಳು. ಆಮೇಲೆ ರೇಣುಕಮ್ಮನ ಪಕ್ಕ ಕೂತಳು.

“ಲೇ ಗಡಿಗೆಪ್ಪ, ಮಂದಿಗೆ ಹೇಳಿದಿ. ಮದಲ ನೀ ಆ ಬಾಗಿಲ ಸರಳು ಬಿಡು,” ಎಂದ ವಲಿ ಪಾಷಾ.

ಗಡಿಗೆಪ್ಪ ಸರಳು ಬಿಟ್ಟು ಎರಡೂ ಕೈ ಎದೆಗೆ ಕಟ್ಟಿಕೊಂಡ. ನಿಂತ ಜಾಗ ಮಾತ್ರ ಬಿಡಲಿಲ್ಲ.