ಹಾರೂನನ ಎಣಿಕೆ

ಜಿಮ್ಮಿನಲ್ಲಿ ತಾಲೀಮು ಕೊಡಲು ಸಿದ್ದರಾಮ ಬಾಯಿ ತೆರೆದರೆ ಹೊರಬರುತ್ತಿದ್ದುದು ಸತ್ತ ಹಾರೂನನ ದನಿ.

ನಡೆದರೆ ತೊಡೆ ಉಜ್ಜಿ ಗಾಯವಾಗುವಷ್ಟು ದಪ್ಪಗಿದ್ದ ಸಿದ್ದರಾಮನನ್ನು ಮೊರಬದ ಕಾಲುವೆ ದಂಡೆಯ ಮೇಲೆ ಓಡಿಸಿ, ಬೈದು, ನಗಿಸಿ ಮನುಷ್ಯನನ್ನಾಗಿ ಮಾಡಿದವನು ಹಾರೂನ್. ಅವನು ಕಾಳಿನ ಪೇಟೆಯ ಹಮಾಲ. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎನ್ನುವಂತೆ, ಬೈಠಕ್ ಹೊಡೆಸುವಾಗಲೂ ಅವನ ಎಣಿಕೆ ಲಾಭದಿಂದಲೇ ಶುರು. ಲಾರಿಯಲ್ಲಿ ಒಟ್ಟಿದ್ದ ಕಡಲೆ ಚೀಲಗಳು ಮೈಮೇಲೆ ಕುಸಿದು ಅವನು ಹೋದ. ಆಮೇಲೆ ಸಿದ್ದರಾಮ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಜಿಮ್ ತೆರೆದ. ಮೊದಲ ದಿನ ‘ಲಾಭ’ ಎಂದಾಗ ದನಿ ತನ್ನದಾಗಿರಲಿಲ್ಲ. ಅದೇ ಒರಟು ಗಂಟಲು, ಕೊನೆಯಲ್ಲಿ ಎಳೆಯುವ ಅದೇ ರಾಗ.

ಅಂದಿನಿಂದ ಹಾರೂನನ ತಾಯಿ ರಜಿಯಾಬಿ ದಿನಾ ಸಂಜೆ ಬಂದು ಹೊಸ್ತಿಲ ಹೊರಗೆ ಕೂಡುತ್ತಿದ್ದಳು. ಕಣ್ಣು ಮುಚ್ಚಿ ಎಣಿಕೆ ಕೇಳಿ, ಸೆರಗು ಕೊಡವಿ ಎದ್ದು ಹೋಗುವಳು. ಸಿದ್ದರಾಮನಿಗೆ ಮಾತ್ರ ಸಾಕುಸಾಕಾಗಿತ್ತು. ಬರಬರುತ್ತ ಮನೆಯಲ್ಲಿ ಮಗಳನ್ನು ಕರೆದರೂ ಅದೇ ದನಿ. ಕೂಸು ಹೆದರಿ ತಾಯಿಯ ಸೀರೆ ಹಿಡಿಯುತ್ತಿತ್ತು.

ಒಂದು ಸಂಜೆ, ಹೊಸದಾಗಿ ಸೇರಿದ ಸಂಗನಬಸವ ಮಾಸ್ತರರು ‘ಲಾಭ’ ಎಂಬ ಎಣಿಕೆ ಕೇಳಿ ನಕ್ಕರು. “ಏನಪಾ ಸಿದ್ದರಾಮ, ನನ್ನ ಮೈ ಕರಗಸ್ತೀಯೋ, ಹೆಸರಕಾಳ ಅಳೀತೀಯೋ?”

“ಆತ್ರಿ ಮಾಸ್ತರ, ಇವತ್ತಿಂದ ಒಂದರಿಂದನ ಎಣಸೂಣು.”

ಮನಸ್ಸು ಗಟ್ಟಿ ಮಾಡಿ “ಒಂದು” ಎಂದ. ತನ್ನದೇ ದನಿ! ಎದೆ ಹಗುರಾಯಿತು. ಇನ್ನು ಮಗಳು ಹೆದರುವುದಿಲ್ಲ. “ಎರಡು... ಮೂರು...”

ರಜಿಯಾಬಿ ಬಾಗಿಲಲ್ಲಿ ಇಣುಕಿದಳು. “ಸಿದ್ದೂ, ನಮ್ಮ ಹಾರೂನ್ ಇವತ್ತ ಬಂದಿಲ್ಲೇನೋ?”

ಮಾಸ್ತರರು ಅರ್ಧ ಬೈಠಕ್ಕಿನಲ್ಲೇ ತಡೆದು ನಿಂತರು.

ಸಿದ್ದರಾಮ “ಇಲ್ಲೇ ಅದಾನ ಬೇ, ಕುಂದರು” ಎಂದು ಹೇಳಿ, “ಲಾಭ” ಎಂದ.

ಬರೀ ಸಿದ್ದರಾಮನದೇ ದನಿ.

ಇನ್ನೊಮ್ಮೆ ಎಂದ. ಗಂಟಲು ಹರಿಯುವಂತೆ ಕೂಗಿದ. ತಗಡಿಗೆ ಬಡಿದು ಅವನ ದನಿಯೇ ಅವನಿಗೆ ಮರಳಿ ಬಂತು.

ರಜಿಯಾಬಿ ಕತ್ತು ಹೊರಳಿಸಿ ಕತ್ತಲಾಗುತ್ತಿದ್ದ ಹೊಲಗಳ ಕಡೆ ಕಿವಿಗೊಟ್ಟಳು.

“ಅಗದಿ ಜೋರ್ಲೆ ಕರೀಪಾ,” ಎಂದಳು. “ಭಾಳ ದೂರ ಹೋಗ್ಯಾನ.”